ವಾರವಾರದ ತುರ್ತು ಗುಳಿಗೆ

ಅಮೋಲ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಅಲ್ಲಿ ತಯಾರಾಗುವುದು ದನಗಳ ಜಂತುಹುಳದ ಗುಳಿಗೆ. ಆದರೂ ಮಲ್ಕಾಜ್‌ಗಿರಿಯ ಅವನ ಬಳಗದಲ್ಲಿ ಯಾರಿಗೆ ಜ್ವರ ಬಂದರೂ ಮೊದಲ ಫೋನು ಅವನಿಗೇ. ಅವನೂ ಗಂಟಲು ಸರಿಮಾಡಿಕೊಂಡು ಧಾರಾಳವಾಗಿ ಸಲಹೆ ಕೊಡುತ್ತಿದ್ದ. ಈ ಮಹಾಪಂಡಿತನ ಹೆಂಡತಿ ಪ್ರಾಜಕ್ತಾ.

ಮಗಳಿನ್ನೂ ಚಿಕ್ಕವಳು, ಇನ್ನೊಂದು ಮಗು ಸದ್ಯಕ್ಕೆ ಬೇಡ ಎಂಬುದರಲ್ಲಿ ಗಂಡ ಹೆಂಡತಿಯದು ಒಂದೇ ಮಾತು. ಆಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಅವಳೊಬ್ಬಳದು. ನಿರೋಧ್ ಎಂದರೆ ಅವನ ಗಂಡಸುತನಕ್ಕೆ ಕುಂದು. ದಿನದ ಗುಳಿಗೆ ಮೈಗೆ ಉಷ್ಣವಂತೆ! ಹಾಗಾಗಿ ಅಪ್ಪಿತಪ್ಪಿ ಏನಾದರೂ ಆದಾಗ ನುಂಗಬೇಕಾದ ತುರ್ತು ಗುಳಿಗೆಯನ್ನು ಅವಳು ಅವನ ಸಲಹೆಯಂತೆ ವಾರವಾರವೂ ನುಂಗುತ್ತಿದ್ದಳು. ಅಂಗಡಿಗೆ ಹೋಗಿ ತರುವವಳೂ ಅವಳೇ. ಪಂಡಿತನಿಗೆ ನಾಚಿಕೆ.

ಬರಬರುತ್ತ ಅವಳ ಮುಟ್ಟಿನ ಲೆಕ್ಕವೇ ತಪ್ಪಿತು. ಅತ್ತೆ ಅಂಬುಬಾಯಿಯ ಮನೆಯಲ್ಲಿ ಹೊರಗಾದವಳು ಅಡುಗೆಮನೆಗೆ ಕಾಲಿಡುವಂತಿಲ್ಲ, ಹಿಂದಿನ ವರಾಂಡದ ಚಾಪೆಯೇ ಗತಿ. ಸೊಸೆಯ ಮೈಗೆ ಏನಾಯಿತೆಂದು ಆ ಸಾಧ್ವಿ ಕೇಳಲಿಲ್ಲ. ತಾನು ರೊಟ್ಟಿ ಬಡಿಯಬೇಕಾಯಿತಲ್ಲ ಎಂಬುದೇ ಅವಳ ಸಂಕಟ.

"ಮತ್ತ ಹೊರಗೇನ? ಮೊನ್ನೆರೆ ಎರಕೊಂಡು ಒಳಗ ಬಂದಿದ್ದೆಲ್ಲ!"

ಚಾಪೆಯ ಮೇಲೆ ಕೂತ ಪ್ರಾಜಕ್ತಾಳ ಭಯವೇ ಬೇರೆ. ಗರ್ಭಕೋಶ ಹಾಳಾಯಿತೇ? ಮುಂದೆ ಬೇಕೆಂದಾಗ ಮಗು ಆಗದೇ ಹೋದರೆ? ಗಂಡನನ್ನು ಕೇಳಿದಳು.

"ಏನೂ ಆಗೂದಿಲ್ಲ. ನಾ ಇದ್ದೀನಲ್ಲ," ಎಂದ.

ಅವನಿದ್ದದ್ದಕ್ಕೇ ಈ ಅವಸ್ಥೆ. ಅವಳು ಮರುದಿನವೇ ಮಗಳನ್ನು ಕರೆದುಕೊಂಡು ನಾರಾಯಣಗೂಡದ ಡಾಕ್ಟರ್ ವಾಸಂತಿಯವರ ಬಳಿ ಹೋದಳು. ಡಾಕ್ಟರು ಕಲಬುರ್ಗಿ ಕಡೆಯವರು, ಆ ತೆಲುಗು ಊರಿನಲ್ಲೂ ಮನೆಮಾತಿನಲ್ಲೇ ಹೇಳಿಕೊಳ್ಳಬಹುದಿತ್ತು. ಡಾಕ್ಟರು ಬಸಿರಿಲ್ಲವೆಂದು ಖಾತ್ರಿ ಮಾಡಿಕೊಂಡು, ಪೂರ್ತಿ ತಪಾಸಣೆ ನಡೆಸಿದರು.

"ನಿನ್ನ ಗರ್ಭಕೋಶಕ್ಕ ಏನೂ ಆಗಿಲ್ಲವ್ವಾ. ಈ ಗುಳಿಗಿ ತಗೊಂಡ್ರ ಮುಂದ ಮಕ್ಕಳಾಗೂದಿಲ್ಲ ಅನ್ನೂದು ಸುಳ್ಳು. ಆದ್ರ ಮ್ಯಾಲಿಂದ ಮ್ಯಾಲೆ ನುಂಗಿದ್ರ ಮುಟ್ಟು ಹಿಂಗ ಏರುಪೇರಾಗ್ತದ. ದಿನದ ಗುಳಿಗಿ, ಕಾಪರ್-ಟಿ ಇವುಗಳಷ್ಟು ಭರವಸೆನೂ ಇಲ್ಲ, ಇಷ್ಟು ನುಂಗಿಯೂ ಬಸಿರಾಗಬಹುದು. ತುರ್ತಿಗೆ ಇರೋ ಗುಳಿಗಿನ್ನ ದಿನದ ಸಂಸಾರಕ್ಕ ಹಚ್ಚಿದವರು ಯಾರು?"

ಪ್ರಾಜಕ್ತಾಳಲ್ಲಿ ಭಯ ಇಳಿದ ಜಾಗಕ್ಕೆ ಕಡುಕೋಪ ಬಂದಿತ್ತು. ಎಲ್ಲವನ್ನೂ ಕೇಳಿ ತಿಳಿದುಕೊಂಡು, ಡಾಕ್ಟರು ಹೇಳಿದ ದಿನ ಹೋಗಿ ಕಾಪರ್-ಟಿ ಹಾಕಿಸಿಕೊಂಡು ಬಂದಳು.

ಸಂಜೆ ಸುದ್ದಿ ಕೇಳಿ ಅಮೋಲ ಕೆಂಡವಾದ. "ನನ್ನ ಒಂದ ಮಾತು ಕೇಳಬಾರದಿತ್ತೇನು?"

"ಇಷ್ಟ ದಿನ ಗುಳಿಗಿ ನೀವು ನುಂಗಿದ್ರ ಕೇಳ್ತಿದ್ದೆರಿ," ಎಂದಳು ಪ್ರಾಜಕ್ತಾ.