ಅರ್ಥ ಸಡಿಲಾದ ಗಾಡಿ

ಆಯುಧಪೂಜೆ ಕಳೆದ ಮೇಲೆ ನಮ್ಮ ಹಳೇ ಪಿಕಪ್ಪಿನ ಮೀಟರುಗಳಿಗೆ ತಲೆ ಕೆಟ್ಟಿತು. ಹೆಡ್‌ಲೈಟ್ ಹಾಕಿದರೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಇಂಡಿಕೇಟರ್ ಹಾಕಿದರೆ ಡೀಸೆಲ್ಲಿನ ಮುಳ್ಳು ಆ ಟಿಕ್ ಟಿಕ್ ತಾಳಕ್ಕೆ ಸರಿಯಾಗಿ ತಲೆಯಾಡಿಸುತ್ತಿತ್ತು. ಕೊಟ್ಟೂರಿನ ಎಲೆಕ್ಟ್ರಿಷಿಯನ್ ಒಮ್ಮೆ ಇಣುಕಿ, "ಮೀಟರ್ ಸೆಟ್ಟೇ ಹೋಗೇತ್ರಿ. ಹಳೇ ಗಾಡಿ, ಈ ಮಾಲು ಈಗ ಸಿಗಂಗಿಲ್ಲ" ಎಂದುಬಿಟ್ಟ.

ನಮ್ಮ ಯಜಮಾನರಿಗೆ ಅಷ್ಟೇ ಸಾಕಾಯಿತು. "ಇದನ್ನ ಮಾರಿ ಒಂದು ಬೈಕ್ ತಗಳಾಣ. ನೀ ಹಿಂದ ಆರಾಮ ಕುಂತ್ಕಂಡು ಬರಬಹುದು" ಎಂದರು.

ಹಿಂದೆ ಕೂರಬೇಕಂತೆ. ನಾನು ಡ್ರೈವಿಂಗ್ ಕಲಿತದ್ದೇ ಆ ಗಾಡಿಯಲ್ಲಿ. ಟೊಮೇಟೊ ಬುಟ್ಟಿ ಏರಿಸಿ ಕೂಡ್ಲಿಗಿ ಸಂತೆಗೆ ನಾನೇ ಓಡಿಸಿಕೊಂಡು ಹೋಗುವಾಗ, ಬಸ್ಸಿಗೆ ಕಾಯುತ್ತ ನಿಂತ ಗಂಡಸರು ಕೈ ಅಡ್ಡ ಹಿಡಿಯುತ್ತಿದ್ದರು. ಹತ್ತಿಸಿಕೊಳ್ಳುವುದೋ ಬಿಡುವುದೋ ನನ್ನ ಮರ್ಜಿ. ಆ ಮರ್ಜಿಯನ್ನು ಮಾರಿ, ಸೆರಗು ಬಿಗಿದು ಬೈಕಿನ ಹಿಂದೆ ಕೂರಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಗಾಡಿ ನೋಡಲು ಹಗರಿಬೊಮ್ಮನಹಳ್ಳಿಯಿಂದ ಒಬ್ಬರು ಮರುದಿನ ಬೆಳಿಗ್ಗೆ ಬರುವವರಿದ್ದರು. ಅದರ ಹಿಂದಿನ ದಿನ ಮಧ್ಯಾಹ್ನ ನಾನು ಬಾನೆಟ್ ಎತ್ತಿ ಪೆಚ್ಚಾಗಿ ನಿಂತಿದ್ದೆ. ಅತ್ತೆ ಕೊಡ ಹಿಡಿದು ಬೋರ್‌ವೆಲ್ ಕಡೆ ಹೊರಟಿದ್ದರು. ಮೋಟರಿನ ಅರ್ಥಿಂಗ್ ಗುಂಡಿ ಒಣಗಬಾರದೆಂದು ದಿನಾ ಅದಕ್ಕೆ ನೀರು ಹಾಕುವುದು ಅವರ ಪಾಲಿನ ಕೆಲಸ. ಅವರ ಬಾಯಲ್ಲಿ ಅದು ಬರೀ 'ಅರ್ಥ'.

"ಅರ್ಥಕ್ಕ ನೀರು ಹಾಕಿ ಬರ್ತೀನಿ" ಎಂದವರು ನನ್ನ ಪಕ್ಕ ನಿಂತು ಇಣುಕಿದರು. "ಇದಕ್ಕ ಅರ್ಥ ಎಲ್ಲೈತವ್ವ?"

ಮೊದಲು ನಗು ಬಂತು. ಆಮೇಲೆ ಹೌದಲ್ಲ ಅನ್ನಿಸಿತು. ಲೈಟು ಹಾಕಿದರೆ ಡೀಸೆಲ್ ಮುಳ್ಳು ಯಾಕೆ ಕುಣಿಯಬೇಕು? ಕರೆಂಟಿಗೆ ವಾಪಸು ಹೋಗುವ ದಾರಿ ಕಟ್ಟಿ, ಕಂಡಕಂಡವರ ಮನೆ ಹೊಕ್ಕು ಹೋಗುತ್ತಿರಬೇಕು. ಅತ್ತೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಲೈಟು ಹಾಕಿ, ಮುಳ್ಳುಗಳ ಮೇಲೆ ಕಣ್ಣಿಡಲು ಹೇಳಿದೆ. ಒಂದು ತುಂಡು ವೈರನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಡಿಯ ಬರಿ ಕಬ್ಬಿಣಕ್ಕೆ ಒತ್ತಿದೆ.

"ಸುಮ್ಮನ ಕುಂತ್ವು ನೋಡು" ಎಂದರು ಅತ್ತೆ. ವೈರು ತೆಗೆದೆ. "ಮತ್ತ ಎದ್ವು."

ಬ್ಯಾಟರಿಯಿಂದ ಬಾಡಿಗೆ ಬರುವ ಅರ್ಥ್ ವೈರಿನ ಬೋಲ್ಟು ಬಿಚ್ಚಿದರೆ ಅದರಡಿ ದಪ್ಪಗೆ ನೀಲಿ ಬಣ್ಣ. ಪೂಜೆಗೆಂದು ಯಜಮಾನರು ವೈರು ಬಿಚ್ಚಿ, ಮೂಲೆಮೂಲೆಗೂ ಭಕ್ತಿಯಿಂದ ಬಣ್ಣ ಬಳಿದು, ಅದರ ಮೇಲೇ ಬೋಲ್ಟು ಬಿಗಿದಿದ್ದರು. ಬಣ್ಣದೊಳಗೆ ಕರೆಂಟು ಹಾಯುವುದುಂಟೆ? ಕೆರೆದು, ಉಜ್ಜಿ, ಬಿಗಿದೆ. ಮುಳ್ಳುಗಳು ಇದ್ದಲ್ಲೇ ನಿಂತವು.

ಹಿಗ್ಗಿನಲ್ಲಿ ಯಜಮಾನರನ್ನು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ರಿಪೇರಿಯಾದ ಗಾಡಿ ನಾಳೆ ಇನ್ನೂ ಬೇಗ ಮಾರಾಟವಾಗುತ್ತದಲ್ಲ. ಸ್ಪ್ಯಾನರ್ ಹಾಕಿ ಬೋಲ್ಟನ್ನು ಮತ್ತೆ ಸಡಿಲ ಮಾಡಿದೆ. ಅತ್ತೆ ನನ್ನನ್ನೇ ನೋಡಿದರು, ಕೊಡ ಎತ್ತಿಕೊಂಡು ತಮ್ಮ ಅರ್ಥಕ್ಕೆ ನೀರು ಹಾಕಲು ಹೋದರು.

ಮರುದಿನ ಬಂದವರು ಬಣ್ಣ ಮೆಚ್ಚಿದರು, ಟೈರು ಒದ್ದು ತಲೆದೂಗಿದರು. ಆಮೇಲೆ ಕೀ ತಿರುಗಿಸಿ, ಲೈಟು ಹಾಕಿ, ಇಂಡಿಕೇಟರ್ ಒತ್ತಿದರು. ಅಂಥ ಕುಣಿತವನ್ನು ನಾನೂ ಅವತ್ತಿನವರೆಗೆ ನೋಡಿರಲಿಲ್ಲ.

"ಇದರ ಮೈಮ್ಯಾಗ ದೇವರು ಬಂದಂಗೈತಲ್ರಿ. ನಮಗ ಬ್ಯಾಡ" ಎಂದವರು ನಾನು ಕೊಟ್ಟ ಚಹಾ ಮಾತ್ರ ಕುಡಿದು ಹೋದರು. ಅದಕ್ಕೆ ನಾನು ಸಕ್ಕರೆ ಧಾರಾಳವಾಗಿಯೇ ಹಾಕಿದ್ದೆ.

ಅವರ ಬೆನ್ನು ಮರೆಯಾದ ಮೇಲೆ ಬೋಲ್ಟು ಬಿಗಿದು, ಸಂತೆಗೆ ಬುಟ್ಟಿ ಏರಿಸತೊಡಗಿದೆ. ಯಜಮಾನರು ಬಂದು ಯಾಕೋ ಲೈಟು ಹಾಕಿದರು. ಒಂದು ಮುಳ್ಳೂ ಅಲುಗಲಿಲ್ಲ.

"ಹ್ಯಾಂಗ ಸರಿ ಆತು?"

"ಅರ್ಥ ಸಡ್ಲ ಆಗಿತ್ತು" ಎಂದೆ.

ಅವರು ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿದರು. ಉಗುರಿನೊಳಗೆ ನಿನ್ನೆಯಿಂದ ಉಳಿದಿದ್ದ ನೀಲಿ ಬಣ್ಣ ನೋಡಿದರು.

"ಅರ್ಥ ಆತು ಬಿಡು" ಎಂದು, ಗಾಡಿ ಸುತ್ತಿಕೊಂಡು ಹೋಗಿ ಪಕ್ಕದ ಸೀಟು ಹತ್ತಿ ಕೂತರು.