ಮೂರನೆಯ ಸಹಿ

ಟೀಚರ ಬಲಗೈಯ ನಡುಬೆರಳಿನ ಬದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟೊಂದಿತ್ತು. ವರ್ಷಗಟ್ಟಲೆ ಪೆನ್ನು ಒತ್ತಿ ಚರ್ಮ ಜಡ್ಡುಗಟ್ಟಿದ್ದು. ಯೋಚಿಸುವಾಗ ಅದನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಸವರಲು ತೊಡಗಿದರೆ ಉತ್ತರ ‘ಇಲ್ಲ’ ಎಂದು ಶಾಲೆಯ ಮಕ್ಕಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬಿಜೈಯಲ್ಲಿ ನಮ್ಮಿಂದ ನಾಲ್ಕನೆಯ ಮನೆ ಟೀಚರದ್ದು. ಮಗಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವವರ ಕಾಗದಪತ್ರಗಳೂ ಅವರ ಪಾಲಿಗೇ. ಸಂಜೆ ಮೀನು ತರಲು ಹೊರಟರೂ ಚೀಲದಲ್ಲಿ ಯಾರದ್ದಾದರೂ ಪ್ರಬಂಧ ಇರುತ್ತಿತ್ತು. ಬರೆದವರ ಮನೆಯ ಗೇಟಿನ ಬಳಿ ನಿಂತು, “ಎರಡನೇ ಪ್ಯಾರಾ ನೀನು ಬರೆದದ್ದಲ್ಲ, ಅಲ್ವಾ ಮಗಾ?” ಎನ್ನುತ್ತಿದ್ದರು.

ಹನ್ನೆರಡನೆಯ ತರಗತಿಯಲ್ಲಿದ್ದಾಗ ಮಗಳು ಅಮೆರಿಕದ ಒಂದು ಕಾಲೇಜಿನ ಮೇಲೆ ಮನಸ್ಸಿಟ್ಟಳು. ನವೆಂಬರಿಗೆ ಮೊದಲೇ ಅರ್ಜಿ ಹಾಕಿದರೆ ಸೀಟು ಸಿಗುವುದು ಸುಲಭವಂತೆ. ಅದಕ್ಕೊಂದು ಒಪ್ಪಂದದ ಹಾಳೆ, ಮೂರು ಸಹಿ: ಅವಳದ್ದು, ನನ್ನದು, ಟೀಚರದ್ದು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳು ಬೆರಳಿಟ್ಟಲ್ಲಿ ನಾನು ಸಹಿ ಹಾಕಿದೆ.

ಮರುದಿನ ಟೀಚರ್ ಆ ಹಾಳೆ ಹಿಡಿದು ಮನೆಗೇ ಬಂದರು.

“ಇದರಲ್ಲಿ ಎಂತ ಉಂಟು, ಹೇಳಿ ನೋಡುವ.”

“ಕಾಲೇಜಿನದ್ದು ಅಲ್ವಾ, ಟೀಚರ್...”

“ಗ್ಯಾಸಿನವನ ಚೀಟಿಗೆ ಹಾಕಿದ ಹಾಗೆ ಹಾಕಿದ್ದೀರಿ ಮಾರಾಯ್ರೆ!”

ಆಮೇಲೆ ಬಿಡಿಸಿ ಹೇಳಿದರು. ಸೀಟು ಕೊಟ್ಟರೆ ಹೋಗಲೇಬೇಕು, ಬೇರೆ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕು. “ಸ್ಕಾಲರ್‌ಶಿಪ್ ಕಡಿಮೆ ಬಂದ್ರೂ ಹೋಗ್ತೀಯಾ?” ಎಂದು ಮಗಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದ ನನ್ನ ಗಂಡ ಆ ವರ್ಷ ಕೆಲಸ ಬಿಟ್ಟು ಊರಿಗೆ ಬರುವವರಿದ್ದರು. ಟೀಚರ್ ಬೆರಳಿನ ಗಂಟು ಸವರಿದರು.

“ನಾನು ಸೈನ್ ಹಾಕುದಿಲ್ಲ.”

“ನಿಮಗೆ ಎಂತ ಹೋಗ್ತದೆ ಟೀಚರ್?” ಮಗಳ ಸ್ವರ ಏರಿತು.

“ಸೀಟು ಕೊಟ್ಟ ಮೇಲೆ ನೀನು ಬರುದಿಲ್ಲ ಅಂದ್ರೆ, ಮುಂದಿನ ವರ್ಷ ನನ್ನ ಸೈನನ್ನು ಅಲ್ಲಿ ಯಾರು ನಂಬುದು? ನಿನ್ನ ಹಿಂದೆ ಮಕ್ಕಳಿದ್ದಾರೆ.”

ಇನ್ನೊಂದು ಬಗೆಯೂ ಇತ್ತು. ಅದೂ ಬೇಗ ಹಾಕುವ ಅರ್ಜಿಯೇ, ಆದರೆ ಕಟ್ಟುಪಾಡಿಲ್ಲ. ಹೌದೋ ಅಲ್ಲವೋ ಹೇಳಲು ಮೇ ತನಕ ಸಮಯ. ಮಗಳು ಬಯಸಿದ ಕಾಲೇಜಿನಲ್ಲಿ ಆ ಬಗೆ ಇರಲಿಲ್ಲ, ಹಾಗಾಗಿ ಬೇರೊಂದು ಕಾಲೇಜಿಗೆ ಹಾಕಿಸಿದರು. ಮಗಳು ಎರಡು ದಿನ ಮಾತು ಬಿಟ್ಟಳು. ಸಹಿ ಹಾಕಿದವಳು ನಾನು, ಹಾಕದವರು ಅವರು. ಸಿಟ್ಟು ಮಾತ್ರ ನನ್ನ ಮೇಲೆ.

ಡಿಸೆಂಬರಿನಲ್ಲಿ ಸೀಟು ಬಂತು. ಮಾರ್ಚಿನಲ್ಲಿ ಬಂದ ಸ್ಕಾಲರ್‌ಶಿಪ್ ಸಾಲದಾಯಿತು. “ನಾನು ಹೋದ್ರೆ ಪಪ್ಪ ಇನ್ನೂ ನಾಲ್ಕು ವರ್ಷ ಅಲ್ಲೇ ಇರ್ಬೇಕು,” ಎಂದ ಮಗಳು ಇಲ್ಲೇ ಊರಲ್ಲಿ, ಬಲ್ಮಠದ ಕಾಲೇಜಿಗೆ ಸೇರಿದಳು. ಬರುವುದಿಲ್ಲವೆಂದು ತಿಳಿಸುವ ಪತ್ರವನ್ನು ಟೀಚರ್ ಮೂರು ಸಲ ತಿದ್ದಿಸಿದರು. “ಬೇಡ ಅನ್ನುದನ್ನೂ ಚಂದ ಮಾಡಿ ಹೇಳ್ಬೇಕು.”

ಮೊದಲು ಬಯಸಿದ ಕಾಲೇಜು ಸಿಗುತ್ತಿತ್ತೋ ಏನೋ, ಗೊತ್ತಿಲ್ಲ. ಮಗಳು ಆ ಮಾತೆತ್ತುವುದಿಲ್ಲ.

ಕಳೆದ ವರ್ಷ ಟೀಚರ್ ತೀರಿಕೊಂಡರು. ಶಾಲೆಯ ಸಭಾಂಗಣದಲ್ಲಿ ಅವರ ಫೋಟೋದ ಪಕ್ಕ ಒಂದು ಪುಸ್ತಕವಿತ್ತು, ಬಂದವರು ಎರಡು ಸಾಲು ಬರೆದು ಸಹಿ ಹಾಕಲು. ನಾನು ಮೊದಲ ಪುಟದಿಂದ ಓದತೊಡಗಿದೆ. “ಎಂತ ಅಕ್ಕ, ಪರೀಕ್ಷೆ ಉಂಟಾ?” ಎಂದರು ಹಿಂದೆ ನಿಂತವರೊಬ್ಬರು. ಉಂಟು ಎಂದೆ. ಪೂರ್ತಿ ಓದಿ ಮುಗಿಸಿ ಸಹಿ ಹಾಕಿದೆ.