ಬ್ರಿಂಜಾಲ್ ಸುಟ್ಟ ಹೊಗೆ

ಇಂಗ್ಲೆಂಡಿನ ಹ್ಯಾರೋದಲ್ಲಿರುವ ನಮ್ಮ ಮನೆಗೆ ಕಟ್ಟಿಗೆ ಒಲೆ ಹಾಕಿಸಬೇಕೆಂದು ನನಗೆ ಹಟ ಹುಟ್ಟಿದ್ದು ಚಳಿಯಿಂದಲ್ಲ, ಸಿಟ್ಟಿನಿಂದ. ಅದನ್ನು ಮುಚ್ಚಿಟ್ಟು ಏನಾಗಬೇಕಿದೆ?

ಅದರ ಹಿಂದಿನ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದರು. ಹಿತ್ತಲಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ, ಇದ್ದಿಲು ಹೊತ್ತಿಸಿ, ವಾರಕ್ಕೊಮ್ಮೆ ಬದನೆಕಾಯಿ ಸುಟ್ಟು ಗೊಜ್ಜು ಮಾಡುತ್ತಿದ್ದರು. ಮೂರನೇ ವಾರ ಕಳೆದ ಮೇಲೆ ಕೌನ್ಸಿಲಿನಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ಕಾಗದ ಬಂತು. ಹಿತ್ತಲ ಹೊಗೆಯ ಬಗ್ಗೆ ಯಾರೋ ದೂರು ಕೊಟ್ಟಿದ್ದಾರಂತೆ. ಕಾಗದದ ಧಾಟಿ ಮೆತ್ತಗೇ ಇತ್ತು, ಆದರೆ ಅಮ್ಮ ಹೆದರಿ ನಡುಗಿಹೋದರು. "ನನ್ನಿಂದ ನಿನ್ನ ಗಂಡನ ಆಸ್ಪತ್ರೆ ಕೆಲಸಕ್ಕೆ ಕುತ್ತು ಬರೋದು ಬೇಡ ಕಣೇ" ಎಂದು ಅಳುತ್ತಾ, ಟಿಕೆಟ್ ಬದಲಿಸಿಕೊಂಡು ಎರಡು ತಿಂಗಳು ಮೊದಲೇ ಹೊರಟುಬಿಟ್ಟರು. ಎಷ್ಟು ಕರೆದರೂ ಮತ್ತೆ ಬರುವುದಿಲ್ಲ.

ದೂರು ಕೊಟ್ಟವರ ಹೆಸರು ಕಾಗದದಲ್ಲಿರಲಿಲ್ಲ. ಆದರೆ ಅವರ ಮಾತನ್ನು ಹಾಗೇ ಇಳಿಸಿದ್ದರು: 'ಬ್ರಿಂಜಾಲ್' ಸುಡುವ ಹೊಗೆ. ನಮ್ಮ ಹಿತ್ತಲು ಕಾಣುವುದು ಎರಡೇ ಮನೆಗೆ. ಎಡಗಡೆಯ ಇಂಗ್ಲಿಷ್ ಮುದುಕ ಹುಟ್ಟಿದಾಗಿನಿಂದ ಬದನೆಕಾಯಿಗೆ ಆಬರ್ಜೀನ್ ಅಂದವನು. ಬ್ರಿಂಜಾಲ್ ಅನ್ನುವವಳು ಬಲಗಡೆ, ನಮ್ಮ ಗೋಡೆಗೆ ಅಂಟಿಕೊಂಡ ಮನೆಯ ಬೆಂಗಳೂರಿನವಳು. ಗಣೇಶನ ಹಬ್ಬಕ್ಕೆ ನಮ್ಮನೆಗೆ ಬಂದು ಕಡುಬು ತಿಂದು, ಡಬ್ಬಿಗೂ ಹಾಕಿಸಿಕೊಂಡು ಹೋದವಳು! ನನಗೆ ಮೈಯೆಲ್ಲ ಉರಿದುಹೋಯಿತು.

ಕೌನ್ಸಿಲ್ ಒಪ್ಪುವಂಥ ಒಲೆಯನ್ನೇ ಹಾಕಿಸಿ ಅವಳ ಮೂಗಿನ ಕೆಳಗೇ ಉರಿಸುತ್ತೇನೆ ಎಂದು ಒಲೆಯವನನ್ನು ಕರೆಸಿದೆ. ಇಟ್ಟಿಗೆಯ ಚಿಮಣಿ ಎರಡೂ ಮನೆಗಳ ನಡುವಿನ ಗೋಡೆಯಲ್ಲಿದೆ. ಅವನು ಟಾರ್ಚ್ ಬಿಟ್ಟು ನೋಡಿ, "ಒಳಗಿನ ಗಾರೆ ಉದುರಿದ ಹಾಗಿದೆ. ಮೇಲಿಂದ ಕೆಳಗಿನವರೆಗೆ ಉಕ್ಕಿನ ಕೊಳವೆ ಇಳಿಸಬೇಕು, ಲೈನರ್ ಅಂತೀವಿ. ಇಲ್ಲದಿದ್ದರೆ ಹೊಗೆ ಪಕ್ಕದವರ ಬೆಡ್‌ರೂಮಿಗೆ ನುಗ್ಗಬಹುದು" ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಲೈನರ್ ಬೇಡ" ಎಂದೆ.

ನಮ್ಮವರು ಡಾಕ್ಟರು. "ತಲೆಗಿಲೆ ಕೆಟ್ಟಿದೆಯೇನೇ? ಅದು ಬರೀ ಹೊಗೆಯಲ್ಲ, ವಿಷ" ಎಂದು ರೇಗಿದರು.

"ಸ್ವಲ್ಪ ಕೆಮ್ಮಲಿ ಬಿಡಿ."

"ಕೆಮ್ಮೋಕೂ ಪುರುಸೊತ್ತಿರಲ್ಲ. ಮಲಗಿದವರು ಮಲಗಿದಲ್ಲೇ ಹೋಗ್ತಾರೆ."

ನಾನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಒಲೆಯವನೇ, ಮೊದಲು ಹೊಗೆ ಬಿಟ್ಟು ಪರೀಕ್ಷೆ ಮಾಡೋಣ ಎಂದ. ಚಿಮಣಿಯ ಬುಡದ ನಮ್ಮ ಗೂಡಿನಲ್ಲಿ, ಹಚ್ಚಿದರೆ ಬರೀ ಹೊಗೆ ಕಾರುವ ಗುಳಿಗೆಯೊಂದನ್ನು ಹಚ್ಚಿಟ್ಟು ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದ. ಅವಳು ಆಫೀಸಿಗೆ ಹೋಗಿದ್ದಳು. ಬಾಗಿಲು ತೆಗೆದದ್ದು ಅವಳ ಅತ್ತೆ. ಗೋಡೆಗೆ ಅಂಟಿದ ಬೆಡ್‌ರೂಮು ಈ ಅಜ್ಜಿಯದೇ ಅಂತ ನನಗೆ ಗೊತ್ತಿರಲಿಲ್ಲ. ಅವರ ದಿಂಬಿನ ಪಕ್ಕದ ಬಿರುಕಿನಿಂದ ಹೊಗೆ ಎಳೆಎಳೆಯಾಗಿ ಬರುತ್ತಿತ್ತು.

ಅಜ್ಜಿಯ ಮುಖ ಅರಳಿತು. "ಬದನೆಕಾಯಿ ಸುಡ್ತಿದ್ದೀಯೇನಮ್ಮಾ? ನಿಮ್ಮಮ್ಮ ಬಂದಿದ್ದಾರಾ?"

ನಾನು ಕಿಟಕಿ ತೆಗೆಯಲು ಹೋದೆ. ಅಜ್ಜಿಯೇ ಹೇಳಿದರು: "ಬಾಯಿ ಕೆಟ್ಟುಹೋಗಿದೆ ಅಂತ ಬೇಲಿ ಹತ್ರ ನಾನೇ ಕೇಳಿದ್ದೆ. ಪಾಪ, ವಾರವಾರ ಸುಟ್ಟು ಬಟ್ಟಲು ತುಂಬ ಕೊಡೋರು. ನಮ್ಮನೆ ಊಟ ನಿಮಗೆ ಸೇರಲ್ವಾ ಅಂತ ನನ್ನ ಸೊಸೆ ಮುಖ ಊದಿಸ್ಕೊಂಡ್ಲು."

ಅಮ್ಮ ನನಗೊಂದು ಮಾತೂ ಹೇಳಿರಲಿಲ್ಲ. ಮನೆಗೆ ಬಂದವಳೇ ಒಲೆಯವನಿಗೆ ಲೈನರ್ ಹಾಕು ಎಂದೆ. ಹಾಗಂತ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ.

ಒಲೆ ಹೊತ್ತಿಸಿದ ಮೊದಲ ಭಾನುವಾರ ಕೆಂಡದಲ್ಲಿ ಎರಡು ಬದನೆಕಾಯಿ ಸುಟ್ಟೆ. ಅಮ್ಮನ ಹಾಗೇ ಹುಣಸೆಹುಳಿ, ಹಸಿಮೆಣಸು, ಚೂರು ಬೆಲ್ಲ ಹಾಕಿ ಗೊಜ್ಜು ಮಾಡಿ, ಡಬ್ಬಿ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿದೆ. ಅವಳೇ ಬಂದಳು.

"ನಿಮ್ಮ ಅತ್ತೆಗೆ ಕಣ್ರೀ" ಎಂದು ಡಬ್ಬಿ ಚಾಚಿದೆ. "ಇಲ್ಲಿನವರು ಇದನ್ನ ಆಬರ್ಜೀನ್ ಅಂತಾರೆ. ಮುಂದಿನ ಸಲ ಕೌನ್ಸಿಲಿಗೆ ಬರೆಯುವಾಗ ನೆನಪಿರಲಿ."

ಅವಳ ಮುಖ ಬಿಳುಚಿಕೊಂಡಿತು. ಡಬ್ಬಿ ತೆಗೆದುಕೊಂಡು ಬಾಗಿಲು ಮುಚ್ಚಲು ಹೊರಟಳು. ಒಳಗಿನಿಂದ ಅಜ್ಜಿ ಕೂಗಿದರು: "ಯಾರೇ ಅದು? ಪಕ್ಕದ ಮನೆಯವಳಾ? ಅವರಮ್ಮ ಯಾವಾಗ ಬರ್ತಾರಂತೆ ಕೇಳೇ!"

ನಾನು ಅವಳ ಕಣ್ಣನ್ನೇ ನೋಡುತ್ತಾ, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಅಮ್ಮ ಇನ್ನು ಬರಲ್ಲ ಅಜ್ಜಿ. ಯಾಕೆ ಅಂತ ನಿಮ್ಮ ಸೊಸೇನೇ ಕೇಳಿ."